‘ಚೆನ್ನಾಗಿದೆ’ ಅಂದರೆ ನಂಬಬೇಡಿ

ನಮ್ಮ ಜನರ ಒಳ್ಳೆಯತನವೇ ನನ್ನ ವಿದ್ಯಾರ್ಥಿಗಳಿಗೆ ದೊಡ್ಡ ತೊಡಕು. ಹೊಸದಾಗಿ ಮಾಡಿದ ಆ್ಯಪ್ ಒಂದನ್ನು ಯಾರ ಕೈಗಾದರೂ ಕೊಟ್ಟು ‘ಹೇಗಿದೆ?’ ಎಂದು ಕೇಳಿ ನೋಡಿ. ತಲೆಬುಡ ತಿಳಿಯದಿದ್ದರೂ ‘ಚೆನ್ನಾಗಿದೆ ಕಣಪ್ಪ, ತುಂಬಾ ಅನುಕೂಲ’ ಎನ್ನುತ್ತಾರೆ. ಬಿಸಿಲಲ್ಲಿ ಅಲೆದು ಬಂದ ಮಕ್ಕಳನ್ನು ನೋಯಿಸುವುದೇಕೆ ಎಂಬ ಕನಿಕರ ಒಂದು. ಓದಿದವರ ಮುಂದೆ ದಡ್ಡರಾಗಿ ಕಾಣಬಾರದೆಂಬ ಸಂಕೋಚ ಇನ್ನೊಂದು. ಮಕ್ಕಳು ಅದನ್ನೇ ಬರೆದುಕೊಂಡು, ಕೆಲಸ ಮುಗಿಯಿತೆಂದು ಕಾಲೇಜಿಗೆ ವಾಪಸ್ ಬರುತ್ತಾರೆ.

ಈ ಮರ್ಯಾದೆಯನ್ನು ಅಳತೆ ಮಾಡಿ ನೋಡಿದವರೂ ಇದ್ದಾರೆ, ಅದೂ ನಮ್ಮ ಬೆಂಗಳೂರಿನಲ್ಲೇ. ನಿಕೋಲಾ ಡೆಲ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಇಲ್ಲಿನ ವಿದ್ಯಾರ್ಥಿಗಳು ಮತ್ತು ಆಟೊ ಚಾಲಕರು ಸೇರಿ 450 ಮಂದಿಯನ್ನು ಮಾತಾಡಿಸಿದ್ದರು. ಒಂದೇ ಥರದ ಎರಡು ತಾಂತ್ರಿಕ ವಸ್ತುಗಳನ್ನು ತೋರಿಸಿ, ಇದರಲ್ಲೊಂದು ಸಂದರ್ಶಕರೇ ಮಾಡಿದ್ದು ಎಂಬ ಸುಳಿವು ಕೊಟ್ಟರೆ ಸಾಕು, ಅದನ್ನೇ ಮೆಚ್ಚುವ ಸಾಧ್ಯತೆ ಎರಡೂವರೆ ಪಟ್ಟು ಹೆಚ್ಚಿತು. ಕೇಳಿದವರು ವಿದೇಶಿಯರಾಗಿ ನಡುವೆ ದುಭಾಷಿ ನಿಂತಾಗ ಅದು 5 ಪಟ್ಟು. ಬೇಕೆಂದೇ ಕಳಪೆ ಮಾಡಿ ತೋರಿಸಿದರೂ ಉತ್ತರ ಅದೇ. ಆ ಪ್ರಬಂಧಕ್ಕೆ ಅವರು ಇಟ್ಟ ಹೆಸರೇ ‘ನಿಮ್ಮದೇ ಚೆನ್ನ’. ಪ್ರತಿ ವರ್ಷ ನನ್ನ ಮೊದಲ ತರಗತಿ ಇದರಿಂದಲೇ ಶುರು.

ನಾನು ಪಾಠ ಮಾಡುವುದು ಇಂಟರಾಕ್ಷನ್ ಡಿಸೈನ್. ಯಂತ್ರಕ್ಕೂ ಮನುಷ್ಯನಿಗೂ ನಡುವಿನ ವ್ಯವಹಾರ ಹೇಗಿರಬೇಕೆಂದು ತೀರ್ಮಾನಿಸುವ ವಿದ್ಯೆ ಅನ್ನಬಹುದು. ಬಣ್ಣ, ಚಿತ್ರ, ಅಂದಚೆಂದ ಎಲ್ಲ ಆಮೇಲಿನ ಮಾತು. ಎಷ್ಟೋ ಎಟಿಎಂಗಳು ಕಾರ್ಡು ಹಿಂದಕ್ಕೆ ಕೊಟ್ಟ ಮೇಲೆಯೇ ದುಡ್ಡು ಕೊಡುತ್ತವೆ. ಮೊದಲು ದುಡ್ಡು ಸಿಕ್ಕಿಬಿಟ್ಟರೆ ಬಂದ ಕೆಲಸ ಆಯಿತೆಂದು ನಾವು ಕಾರ್ಡನ್ನು ಅಲ್ಲೇ ಬಿಟ್ಟು ನಡೆದುಬಿಡುತ್ತೇವೆ. ಈ ಸಣ್ಣ ಹಿಂದುಮುಂದು ಯಾರೋ ಒಬ್ಬರ ತೀರ್ಮಾನ. ಮನುಷ್ಯರು ಹೇಗೆ ಮರೆಯುತ್ತಾರೆಂದು ನೋಡಿದ ಮೇಲೆ ಮಾಡಿದ ತೀರ್ಮಾನ.

ನೋಡುವುದು ಅಂದೆನಲ್ಲ, ಕಷ್ಟವಿರುವುದು ಅಲ್ಲೇ. ಕಳೆದ ಸಲ ನಾಲ್ವರು ಹುಡುಗ ಹುಡುಗಿಯರ ಗುಂಪೊಂದು ಹಾಲು ಹಾಕುವ ರೈತರಿಗೆ ಆ್ಯಪ್ ಮಾಡುತ್ತೇವೆಂದು ಹೊರಟಿತು. ದಿನದಿನದ ಹಾಲು, ಫ್ಯಾಟು, ದುಡ್ಡು ಎಲ್ಲವೂ ಫೋನಿನಲ್ಲಿ ಗ್ರಾಫ್ ಆಗಿ ಕಾಣಬೇಕು ಎಂಬುದು ಆಸೆ. ಲ್ಯಾಪ್‌ಟಾಪ್ ಮುಟ್ಟದಂತೆ ತಾಕೀತು ಮಾಡಿ, ಮದ್ದೂರಿನ ಆಚೆಯ ಒಂದು ಹಳ್ಳಿಯ ಡೇರಿಗೆ ಕರೆದುಕೊಂಡು ಹೋದೆ. ಅಲ್ಲಿ ಸಂದರ್ಶನ ಮಾಡುವಂತಿಲ್ಲ, ಕೆಲಸ ಕಲಿಯಬೇಕು. ಹ್ಯೂ ಬೇಯರ್ ಮತ್ತು ಕ್ಯಾರೆನ್ ಹಾಲ್ಟ್ಜ್‌ಬ್ಲಾಟ್ ಎಂಬಿಬ್ಬರು 1998ರ ತಮ್ಮ ಪುಸ್ತಕದಲ್ಲಿ ವಿವರಿಸುವ ಪದ್ಧತಿ ಇದು: ಬಳಸುವವರು ಗುರು, ಡಿಸೈನರ್ ಶಿಷ್ಯ. ಗುರು ಕೆಲಸ ಮಾಡುತ್ತಿರಬೇಕು, ಶಿಷ್ಯ ಪಕ್ಕದಲ್ಲಿ ನಿಂತು ನಡುನಡುವೆ ‘ಇದ್ಯಾಕೆ ಹೀಗೆ?’ ಎಂದು ಕೇಳಬೇಕು. ನಮ್ಮ ಕಡೆ ಗ್ಯಾರೇಜಿನಲ್ಲಿ, ಮರಗೆಲಸದಲ್ಲಿ ಹುಡುಗರು ಕಲಿಯುವುದೇ ಹಾಗೆ. ಅದಕ್ಕೊಂದು ಪುಸ್ತಕ ಬೇಕಾಯಿತೇ ಎಂದು ನನಗೆ ಆಗಾಗ ನಗು ಬರುತ್ತದೆ.

ಬೆಳಗಿನ ಹೊತ್ತು ಡೇರಿಯ ಮುಂದೆ ಕ್ಯಾನುಗಳ ಸಾಲು. ಸ್ಯಾಂಪಲ್ ತೆಗೆದು ಯಂತ್ರಕ್ಕೆ ಹಿಡಿಯುತ್ತಾರೆ, ಹಾಲು ತೂಕಕ್ಕೆ ಹೋಗುತ್ತದೆ, ಪುಟ್ಟ ಪ್ರಿಂಟರು ಚೀಟಿಯನ್ನು ಉಗಿಯುತ್ತದೆ. ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ದರ, ಕೊನೆಗೆ ಮೊತ್ತ. ಹುಡುಗರು ಚೀಟಿಯ ಫೋಟೊ ತೆಗೆಯುವುದರಲ್ಲೇ ಮುಳುಗಿದ್ದರು. ನೋಡಬೇಕಾದದ್ದು ಆಮೇಲೆ ನಡೆಯುತ್ತಿತ್ತು. ಒಬ್ಬ ಹೆಂಗಸು ಚೀಟಿಯನ್ನು ಕೈಯಳತೆಗೆ ಹಿಡಿದು ಎರಡನೇ ಸಾಲಿನ ಮೇಲೆ ಹೆಬ್ಬೆಟ್ಟಿನ ಉಗುರಿಟ್ಟಳು. ಪಕ್ಕದವಳೂ ತನ್ನ ಚೀಟಿ ತಂದು ಅದರ ಮಗ್ಗುಲಿಗೆ ಹಿಡಿದಳು. ಒಂದರಲ್ಲಿ ಫ್ಯಾಟ್ 4.1, ಇನ್ನೊಂದರಲ್ಲಿ 3.6. ‘ಏನ್ ಹಾಕ್ದೆ?’ ಎಂದು ಈಕೆ, ಹಿಂಡಿ ಬೂಸದ ಲೆಕ್ಕ ಆಕೆ. ಮಾತು ಮುಗಿದ ಮೇಲೆ ಚೀಟಿ ನಾಲ್ಕು ಮಡಿಕೆಯಾಗಿ ಎಲೆಅಡಿಕೆ ಚೀಲದೊಳಗೆ ಹೋಯಿತು. ಅಲ್ಲಿ ಹಳೆಯ ಚೀಟಿಗಳ ಒಂದು ಕಂತೆಯೇ ಇತ್ತು, ತಳದವು ಅಕ್ಷರ ಮಾಸಿ ಬೋಳು ಕಾಗದವಾಗಿದ್ದವು.

ಸ್ವಂತ ಹಾಲಿನ ಗ್ರಾಫ್ ಯಾರಿಗೂ ಬೇಕಿರಲಿಲ್ಲ. ಬೇಕಿದ್ದದ್ದು ಪಕ್ಕದ ಮನೆಯ ಸೀಮೆಹಸುವಿನ ಸಮಾಚಾರ. ಇದನ್ನು ಯಾವ ಸಂದರ್ಶನದಲ್ಲಿ ಕೇಳಿದ್ದರೂ ಯಾರೂ ಹೇಳುತ್ತಿರಲಿಲ್ಲ.

ಇನ್ನೊಂದು ಸಂಗತಿ ಬಟವಾಡೆಯ ದಿನ ಹೊರಬಿತ್ತು. ದುಡ್ಡು ಖಾತೆಗೆ ಬಿದ್ದ ಮೆಸೇಜು ಎಷ್ಟೋ ಜನರಿಗೆ ಬರುವುದೇ ಇಲ್ಲ. ಖಾತೆ ತೆರೆಯುವಾಗ ಕೊಟ್ಟದ್ದು ಮಗನ ನಂಬರು, ಮಗ ಪೀಣ್ಯದಲ್ಲಿ ಶಿಫ್ಟಿನಲ್ಲಿದ್ದಾನೆ. ಹಸು ಕಟ್ಟುವವಳು, ಹಾಲು ಕರೆಯುವವಳು, ಪಾಸ್‌ಬುಕ್ಕಿನಲ್ಲಿ ಹೆಸರಿರುವವಳು ತಾಯಿ; ಆ್ಯಪ್ ಹೋಗಿ ಕೂರುವುದು ಮಗನ ಜೇಬಿನಲ್ಲಿ. ಹುಡುಗರ ಮುಖ ಬಾಡಿತು. ನನಗೆ ಒಳಗೊಳಗೇ ಖುಷಿ.

ಕಾಲೇಜಿಗೆ ಬಂದ ಮೇಲೆ ಗೋಡೆಯ ತುಂಬ ಹಳದಿ ಚೀಟಿ ಅಂಟಿಸಿ ಚರ್ಚಿಸುವ ಸಂಪ್ರದಾಯವೊಂದು ನಮ್ಮ ವೃತ್ತಿಯಲ್ಲಿದೆ. ‘45 ವರ್ಷದ ಲಕ್ಷ್ಮಮ್ಮ, ಮೂರು ಹಸು’ ಎಂದು ಕಲ್ಪನೆಯ ಬಳಕೆದಾರರನ್ನು ಸೃಷ್ಟಿಸುವ ಸಂಭ್ರಮವೂ ಇದೆ. ನನಗೆ ಎರಡರಲ್ಲೂ ಅಷ್ಟಾಗಿ ನಂಬಿಕೆಯಿಲ್ಲ. ಆ ಲಕ್ಷ್ಮಮ್ಮ ಯಾವತ್ತೂ ನಮಗೆ ಎದುರು ಮಾತಾಡಿದವಳಲ್ಲ. ಎದುರು ಮಾತಾಡುವವರ ಬಳಿಗೆ ಹೋಗಬೇಕಾದರೆ ಕೈಯಲ್ಲೊಂದು ಮಾದರಿ ಇರಬೇಕು, ಅದು ಎಷ್ಟು ಒರಟಾಗಿದ್ದರೆ ಅಷ್ಟು ಒಳ್ಳೆಯದು. ಮಿರುಗುವ ಪರದೆ ತೋರಿಸಿದರೆ ‘ಚೆನ್ನಾಗಿದೆ’ ಬರುತ್ತದೆ. ಪೆನ್ಸಿಲಿನಲ್ಲಿ ಗೀಚಿದ ಕಾಗದ ತೋರಿಸಿದರೆ ‘ಇದೇನ್ರೀ, ಇದಿಲ್ಲಿ ಯಾಕೆ?’ ಬರುತ್ತದೆ. ಸೊಟ್ಟಪಟ್ಟ ದೋಸೆ ಬಡಿಸಿದವಳಿಗೆ ಉಪ್ಪು ಕಮ್ಮಿ ಅಂತಲೂ ಧೈರ್ಯವಾಗಿ ಹೇಳಿಬಿಡುತ್ತೇವಲ್ಲ, ಹಾಗೆ.

ಕಾಗದದ ಈ ಗುಣವನ್ನು ಹಿಂದೆಯೇ ಕಂಡುಕೊಂಡವರಿದ್ದಾರೆ. 1980ರ ದಶಕದ ಮೊದಲರ್ಧದಲ್ಲಿ ಸ್ಕ್ಯಾಂಡಿನೇವಿಯಾದಲ್ಲಿ ‘ಯುಟೋಪಿಯಾ’ ಎಂಬ ಯೋಜನೆ ನಡೆಯಿತು. ಪತ್ರಿಕೆಯ ಪುಟ ಕಟ್ಟುವ ಕೆಲಸಗಾರರು, ಸಂಶೋಧಕರು ಜೊತೆಗೆ ಕೂತು, ಇನ್ನೂ ಬಂದಿರದ ಯಂತ್ರಗಳನ್ನು ರಟ್ಟಿನ ಡಬ್ಬಿಗಳಲ್ಲಿ ಮಾಡಿಕೊಂಡು, ಅವುಗಳ ಮುಂದೆ ಕೆಲಸದ ನಾಟಕ ಆಡಿ ನೋಡಿದರು. ಪಾಮ್ ಪೈಲಟ್ ಎಂಬ ಅಂಗೈ ಕಂಪ್ಯೂಟರ್ 1996ರಲ್ಲಿ ಅಂಗಡಿಗೆ ಬರುವ ಮುಂಚೆ ಅದನ್ನು ರೂಪಿಸಿದ ಜೆಫ್ ಹಾಕಿನ್ಸ್ ಮರದ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು, ಬೇಕೆನಿಸಿದಾಗ ತೆಗೆದು, ಅದರ ಮೇಲೆ ಬರೆದಂತೆ ನಟಿಸುತ್ತಿದ್ದರಂತೆ.

ಬೆಂಗಳೂರಿನದೇ ಉದಾಹರಣೆ ಬೇಕೆಂದರೆ ಇಂದ್ರಾಣಿ ಮೇಧಿ ಅವರ ಕೆಲಸ ಇದೆ. ಮೈಕ್ರೋಸಾಫ್ಟ್ ರಿಸರ್ಚ್ ಇಲ್ಲಿ ಬಾಗಿಲು ತೆರೆದದ್ದು 2005ರಲ್ಲಿ. ಅಲ್ಲಿದ್ದ ಅವರು ನಗರದ ಕೊಳೆಗೇರಿಗಳ ಮನೆಗೆಲಸದ ಹೆಂಗಸರ ಜೊತೆ ಸೇರಿ, ಓದುಬರಹ ಬರದವರೂ ಕೆಲಸ ಹುಡುಕಿಕೊಳ್ಳಬಹುದಾದ ಅಕ್ಷರವಿಲ್ಲದ ಪರದೆಗಳನ್ನು ರೂಪಿಸಿದರು; ಬರೀ ಚಿತ್ರ ಮತ್ತು ಧ್ವನಿ. ಯಾವ ಚಿತ್ರ ಅರ್ಥವಾಗುತ್ತದೆ, ಯಾವುದು ಇಲ್ಲ ಎಂದು ಆ ಹೆಂಗಸರೇ ಹೇಳಬೇಕಿತ್ತು. ಸುಮ್ಮನೆ ವಸ್ತುವಿನ ಚಿತ್ರ ಬರೆದರೆ ಅದು ಕೆಲಸವೆಂದು ಹೊಳೆಯುವುದಿಲ್ಲ. ಅಲ್ಲೊಂದು ಕ್ರಿಯೆ ಎದ್ದು ಕಾಣಬೇಕು. ಮುಂದೆ ಇನ್ನೊಂದು ತಿಳಿಯಿತು. ಗುಂಡಿ ಒತ್ತುವುದು ಗೊತ್ತಾದರೂ, ಈ ಡಬ್ಬಿಯೊಳಗೆ ಕೆಲಸದ ಸುದ್ದಿ ಬಂದು ಸೇರುವುದು ಹೇಗೆ ಎಂಬ ಅನುಮಾನ ಹೋಗಿರಲಿಲ್ಲ. ಅದಕ್ಕಾಗಿ ಇಡೀ ವ್ಯವಹಾರವನ್ನು ಕಥೆಯಾಗಿ ತೋರಿಸುವ ವಿಡಿಯೊ ಸೇರಿಸಬೇಕಾಯಿತು.

ನಮ್ಮ ಹುಡುಗರು ಮತ್ತೆ ಮದ್ದೂರಿಗೆ ಹೋದಾಗ ಆ್ಯಪ್ ಜೊತೆಗಿರಲಿಲ್ಲ. ಉದ್ದುದ್ದ ಕತ್ತರಿಸಿದ ಕಾಗದದ ಚೀಟಿಗಳಿದ್ದವು, ಒಂದೊಂದರಲ್ಲಿ ಸಾಲುಗಳು ಒಂದೊಂದು ರೀತಿ. ಒಬ್ಬ ಹುಡುಗಿ ಪ್ರಿಂಟರಿನ ಪಾತ್ರ ಮಾಡಿದಳು: ತೂಕ ನೋಡಿ, ಪೆನ್ನಿನಲ್ಲಿ ಬರೆದು, ಹರಿದು ಕೊಟ್ಟಳು. ತೆರೆಯ ಹಿಂದೆ ಮನುಷ್ಯರೇ ಕೂತು ಯಂತ್ರದ ವೇಷ ಹಾಕುವ ಈ ಆಟವನ್ನು ಐಬಿಎಂ ಪ್ರಯೋಗಾಲಯದಲ್ಲಿ ಜಾನ್ ಗೂಲ್ಡ್ 1980ರ ದಶಕದಲ್ಲೇ ಆಡಿದ್ದರು. ಮಾತನ್ನು ಕೇಳಿ ಟೈಪ್ ಮಾಡುವ ‘ಯಂತ್ರ’ದ ಹಿಂದೆ ಒಬ್ಬ ಟೈಪಿಸ್ಟ್ ಕೂತಿದ್ದ.

ಈ ಸಲ ಬೈಗುಳ ಧಾರಾಳವಾಗಿ ಸಿಕ್ಕಿತು. ಎಸ್‌ಎನ್‌ಎಫ್ ಇಷ್ಟು ದಪ್ಪ ಯಾಕೆ, ಅದನ್ಯಾರು ನೋಡುತ್ತಾರೆ? ಇಂಗ್ಲಿಷ್ ತಿಂಗಳ ಹೆಸರು ತೆಗೆಯಿರಿ, ನಂಬರು ಸಾಕು. ವಯಸ್ಸಾದ ಒಬ್ಬಾಕೆ ಹುಡುಗಿಯ ಕೈಯಿಂದ ಪೆನ್ನು ಕಿತ್ತುಕೊಂಡು ಚೀಟಿಯ ತಳಕ್ಕೆ ಒಂದು ಗೆರೆ ಎಳೆದಳು. ಸರ್ಕಾರ ಲೀಟರಿಗೆ ಇಷ್ಟೆಂದು ಕೊಡುವ ಪ್ರೋತ್ಸಾಹಧನ ಯಾವ ತಿಂಗಳವರೆಗೆ ಬಂದಿದೆ ಎಂಬುದು ಅಲ್ಲಿ ಬರಬೇಕಂತೆ. ಅದು ಹಾಲಿನ ದುಡ್ಡಿನ ಜೊತೆ ಬರುವುದಿಲ್ಲ, ಬೇರೆಯಾಗಿ ಖಾತೆಗೆ ಬೀಳುತ್ತದೆ. ಬಂತೇ ಇಲ್ಲವೇ ಎಂದು ಕೇಳಲು ಪ್ರತಿ ಸಲ ಡೇರಿಯ ಸೆಕ್ರೆಟರಿಯ ಮುಂದೆ ನಿಲ್ಲಬೇಕು. ಉಳಿದ ಹೆಂಗಸರೆಲ್ಲ ಹೌದು ಹೌದು ಎಂದರು. ಗ್ರಾಫ್ ಬಿಡಿಸಿದ್ದ ಹುಡುಗ ಮಾತ್ರ, ‘ಮೇಡಂ, ಹಾಗಾದ್ರೆ ನಾವು ಮಾಡಿದ್ದು ಒಂದು ರಸೀದಿಯಾ? ಇದನ್ನ ಪೋರ್ಟ್‌ಫೋಲಿಯೋದಲ್ಲಿ ಹೇಗೆ ಹಾಕೋದು?’ ಎಂದು ಪೇಚಾಡಿದ. ಹಾಕು, ಆ ಎಲೆಅಡಿಕೆ ಚೀಲದ ಚಿತ್ರವನ್ನೂ ಹಾಕು ಎಂದೆ.

ಸೆಕ್ರೆಟರಿಯವರು ಹೊಸ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರು ‘ಚೆನ್ನಾಗಿದೆ’ ಅನ್ನಲಿಲ್ಲ. ಒಂದು ಸಾಲು ಜಾಸ್ತಿಯಾದರೆ ದಿನಕ್ಕೆರಡು ಹೊತ್ತು, ಇಷ್ಟು ಜನಕ್ಕೆ, ಪೇಪರ್ ರೋಲಿನ ಖರ್ಚು ಯಾರ ಲೆಕ್ಕಕ್ಕೆ ಎಂದು ಕೇಳಿದರು. ಹುಡುಗರು ಈಗ ಚೀಟಿಯ ನೆತ್ತಿಯಲ್ಲಿ ಎರಡು ಸಾಲು ತಿನ್ನುವ ಹಾಲಿನ ಸಂಘದ ಹೆಸರನ್ನು ಒಂದೇ ಸಾಲಿಗೆ ಇಳಿಸಿ ಜಾಗ ಹೊಂದಿಸುತ್ತಿದ್ದಾರೆ. ಅದಕ್ಕೆ ಸಂಘದ ಅಧ್ಯಕ್ಷರು ಒಪ್ಪಬೇಕು.