ಕೋಪದ ಕೈಗೆ ಬುದ್ಧಿ?

ಊರಿನಲ್ಲಿ ಮನೆ ಪಾಲಾದಾಗ ದೊಡ್ಡಪ್ಪನವರು ಗದ್ದೆಯನ್ನೆಲ್ಲ ತಮಗಿಟ್ಟುಕೊಂಡು, ಹಿತ್ತಲಿನ ಒಂದು ತುಂಡನ್ನು ನಮ್ಮ ತಂದೆಯವರಿಗೆ ತೋರಿಸಿದರಂತೆ. "ಅದೂ ನಿನಗೇ ಇರಲಿ" ಎಂದು ತಂದೆಯವರು ಒಂದು ಟ್ರಂಕು ಹಿಡಿದು ಮುಂಬಯಿಗೆ ಬಂದು ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿದರು. ಅದು ಮಾನವಂತರ ನಡತೆಯೆಂದು ಅಜ್ಜಿ ಹೇಳುತ್ತಿದ್ದರು. ಕೋಪದ ಕೈಗೆ ಬುದ್ಧಿ ಕೊಟ್ಟರೆಂದು ತಾಯಿಯವರು ಇಂದಿಗೂ ಹೇಳುತ್ತಾರೆ. ತಂದೆಯವರು ಈಗಿಲ್ಲ. ಕಳೆದ ತಿಂಗಳು ದೊಡ್ಡಪ್ಪನವರ ಮಗ, ಅಲ್ಪ ಮೊತ್ತವೊಂದನ್ನು ಕೊಡುವೆನೆಂದು ಬರೆದು, ಹಕ್ಕುಬಿಡುಗಡೆ ಪತ್ರಕ್ಕೆ ನಮ್ಮ ರುಜು ಕೇಳಿದ್ದಾನೆ. ಹಳೆಯ ವಾದ ಮತ್ತೆ ಎದ್ದಿದೆ.

ಬಿ. ಎ. ತರಗತಿಯಲ್ಲಿ ಅರ್ಥಶಾಸ್ತ್ರ ಓದಿದ ನಾನು ತಾಯಿಯವರ ಪಕ್ಷದವನು. ಏನೂ ಇಲ್ಲದ್ದಕ್ಕಿಂತ ತುಂಡು ಹಿತ್ತಲು ಮೇಲಲ್ಲವೆ? ಪುಸ್ತಕದ ಮನುಷ್ಯ ಲಾಭ ಎಣಿಸುತ್ತಾನೆ, ಮುನಿಸಿಕೊಳ್ಳುವುದಿಲ್ಲ.

1982ರಲ್ಲಿ ಜರ್ಮನಿಯ ವರ್ನರ್ ಗ್ಯೂತ್ ಮತ್ತು ಸಂಗಡಿಗರು ಈ ಪುಸ್ತಕದ ಮನುಷ್ಯನನ್ನು ಒಂದು ಆಟದಿಂದ ಪರೀಕ್ಷಿಸಿದರು. ಇಬ್ಬರ ನಡುವೆ ಒಂದಿಷ್ಟು ಹಣ. ಒಬ್ಬನು ಪಾಲು ಮಾಡಬೇಕು. ಇನ್ನೊಬ್ಬನು ಒಪ್ಪಿದರೆ ಅದರಂತೆ ಹಣ, ಬೇಡವೆಂದರೆ ಇಬ್ಬರಿಗೂ ಸೊನ್ನೆ. ಚೌಕಾಸಿಗೆ ಎಡೆಯಿಲ್ಲ. ಲೆಕ್ಕ ಬಲ್ಲವನು ಕಾಸು ಕೊಟ್ಟರೂ ತೆಗೆದುಕೊಳ್ಳಬೇಕು. ಆದರೆ ತೀರ ಕಡಿಮೆ ಪಾಲನ್ನು ಜನ ತಳ್ಳಿಹಾಕುವುದು ಕಂಡುಬಂತು.

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಆಲನ್ ಸ್ಯಾನ್ಫಿ ಮತ್ತು ಸಂಗಡಿಗರು 19 ಜನರನ್ನು ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿ ಇದೇ ಆಟ ಆಡಿಸಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಿದುಳಿನಲ್ಲಿ ದುಡಿಯುತ್ತಿರುವ ಭಾಗಕ್ಕೆ ಪ್ರಾಣವಾಯು ತುಂಬಿದ ರಕ್ತ ಹೆಚ್ಚಾಗಿ ಹರಿಯುತ್ತದೆ. ಆ ರಕ್ತಕ್ಕೂ ಪ್ರಾಣವಾಯು ಕಳೆದುಕೊಂಡ ರಕ್ತಕ್ಕೂ ಅಯಸ್ಕಾಂತದ ಎದುರಿನ ವರ್ತನೆ ಬೇರೆ. ಯಂತ್ರ ಹಿಡಿಯುವುದು ಈ ವ್ಯತ್ಯಾಸವನ್ನು. ಇದನ್ನು ಆಲೋಚನೆಯ ಚಿತ್ರವೆನ್ನುವುದುಂಟು. ನಿಜವಾಗಿ ಅದು ರಕ್ತದ ಜಮಾಖರ್ಚು, ಅದೂ ಕೆಲವು ಸೆಕೆಂಡು ತಡವಾಗಿ ಬರುವಂಥದು. (ನಮ್ಮ ಕಚೇರಿಯ ಕಡತಗಳನ್ನು ಬಲ್ಲವರಿಗೆ ಇದೊಂದು ತಡವೇ ಅಲ್ಲ.)

ಹತ್ತು ಡಾಲರಿನಲ್ಲಿ ಐದು ಕೊಟ್ಟಾಗ ಎಲ್ಲರೂ ಒಪ್ಪಿದರು. ಒಂದೋ ಎರಡೋ ಕೊಟ್ಟಾಗ ಹೆಚ್ಚು ಕಡಿಮೆ ಅರ್ಧದಷ್ಟು ಸಲ ಬೇಡವೆಂದರು. ಅದೇ ಪಾಲನ್ನು ಕಂಪ್ಯೂಟರು ಮಾಡಿದ್ದೆಂದು ತಿಳಿದಾಗ ಅಷ್ಟು ಸಲ ತಳ್ಳಲಿಲ್ಲ. ಯಂತ್ರದ ಮೇಲೆ ಯಾರು ಮುನಿಸಿಕೊಳ್ಳುತ್ತಾರೆ! ಮನುಷ್ಯನು ಅನ್ಯಾಯದ ಪಾಲು ಕೊಟ್ಟಾಗ ಮಿದುಳಿನ ಇನ್ಸುಲ ಎಂಬ ಭಾಗ ಚುರುಕಾಯಿತು. ಹೊಲಸು ಕಂಡು ಹೇಸಿಕೊಂಡಾಗಲೂ ದುಡಿಯುವ ಭಾಗವದು. ಯಾರಲ್ಲಿ ಅದು ಹೆಚ್ಚು ದುಡಿಯಿತೋ ಅವರು ಹೆಚ್ಚು ಸಲ ಬೇಡವೆಂದರು. ಜೊತೆಗೆ ಹಣೆಯ ಹಿಂದಿನ ಒಂದು ಭಾಗವೂ ದುಡಿಯುತ್ತಿತ್ತು. ಒಂದು ಹೇಸಿಕೊಳ್ಳುತ್ತದೆ, ಇನ್ನೊಂದು ಹಣದ ಕಡೆಗೆ ಎಳೆಯುತ್ತದೆ ಎಂದು ಸಂಶೋಧಕರು ಅರ್ಥಮಾಡಿದರು. ತಾಯಿಯವರೇ ಗೆದ್ದಂತಾಯಿತೆಂದುಕೊಂಡೆ.

ಗೆಲ್ಲಲಿಲ್ಲ. ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ದಾರಿಯಾ ಕ್ನೋಖ್, ಅರ್ನ್ಸ್ಟ್ ಫೆರ್ ಮತ್ತಿತರರು ಹಣೆಯ ಹಿಂದಿನ ಅದೇ ಭಾಗವನ್ನು, ಬಲಮಗ್ಗುಲಿನಲ್ಲಿ, ತಲೆಯ ಹೊರಗಿನಿಂದಲೇ ಅಯಸ್ಕಾಂತದ ಮಿಡಿತಗಳನ್ನು ಕೊಟ್ಟು ಸ್ವಲ್ಪ ಹೊತ್ತು ಮಂಕಾಗಿಸಿದರು. ಇದು 2006ರಲ್ಲಿ ಪ್ರಕಟವಾಯಿತು. ಹಣದ ಕಡೆಗೆ ಎಳೆಯುವುದು ಆ ಭಾಗವೇ ಆಗಿದ್ದರೆ, ಅದು ಮಂಕಾದಾಗ ಜನ ಇನ್ನೂ ಹೆಚ್ಚಾಗಿ ಬೇಡವೆನ್ನಬೇಕಿತ್ತು. ಆದದ್ದು ತಿರುಗುಮುರುಗು: ಅಲ್ಪ ಪಾಲನ್ನೂ ಹೆಚ್ಚಾಗಿ ಒಪ್ಪಿಕೊಂಡರು. ಇದು ನ್ಯಾಯವೇ ಎಂದು ಕೇಳಿದರೆ, ಅಲ್ಲ ಎಂದೇ ಹೇಳಿದರು! ಅನ್ಯಾಯವೆಂಬ ಅರಿವು ಅಳಿದಿರಲಿಲ್ಲ. ಎದುರಿಗಿದ್ದ ಹಣದ ಆಸೆಯನ್ನು ತಡೆಯುವ ಬಲ ಕುಂದಿತ್ತು. ಹಾಗಾದರೆ ಬೇಡವೆನ್ನುವುದು ಬರಿಯ ಕೋಪದ ಕೆಲಸವಲ್ಲ, ಸಂಯಮವೂ ಅದರಲ್ಲಿ ಸೇರಿದೆ. ಚಿತ್ರವೊಂದನ್ನೇ ನಂಬಿದ್ದರೆ ಇದು ತಿಳಿಯುತ್ತಿರಲಿಲ್ಲ. ಇನ್ಸುಲವಾದರೂ ಹೇಸಿಕೊಂಡಾಗ ಮಾತ್ರವಲ್ಲ, ನೋವು ಮೊದಲಾದ ಬೇರೆ ಎಷ್ಟೋ ಸಂದರ್ಭಗಳಲ್ಲಿ ದುಡಿಯುತ್ತದೆ.

ಇಷ್ಟನ್ನೂ ಒಂದು ರಾತ್ರಿ ತಾಯಿಯವರಿಗೆ ವಿವರಿಸಿದೆ. ಅಜ್ಜಿಯ ಪಕ್ಷಕ್ಕೂ ಆಧಾರವಿದೆಯೆಂದೆ. ಅವರು ಬೀನ್ಸ್ ಮುರಿಯುತ್ತ ಎಲ್ಲವನ್ನೂ ಕೇಳಿಸಿಕೊಂಡರು.

"ಅಲ್ಲ ಮಗಾ, ಅಲ್ಲಿ ಮಲಗಿದವರಿಗೆ ಮಾರನೆಯ ದಿನದ ಅಕ್ಕಿಯ ಚಿಂತೆ ಇತ್ತೇ?" ಎಂದರು.

ಹತ್ತು ಡಾಲರಿನ ಆಟವೆಂದು ಒಪ್ಪಿಕೊಂಡೆ. ಪತ್ರಕ್ಕೆ ಇನ್ನೂ ರುಜು ಹಾಕಿಲ್ಲ.