ಮೆಚ್ಚಿದ ಚಿತ್ರ ಮತ್ತೆ ಸಿಗುವುದೆಲ್ಲಿ?

ಕನ್ನಡದ ಅತ್ಯುತ್ತಮ ನಿರ್ದೇಶಕ ಯಾರೆಂದು ಕೇಳಿದರೆ ನಮ್ಮಲ್ಲಿ ಉತ್ತರಕ್ಕೆ ಕೊರತೆಯಿಲ್ಲ. ಮನೆಮಂದಿಯೆಲ್ಲ ಒಟ್ಟಾಗಿ ಚಿತ್ರಮಂದಿರಕ್ಕೆ ಹೋಗುತ್ತಿದ್ದ ತಲೆಮಾರು ಪುಟ್ಟಣ್ಣ ಕಣಗಾಲರ ಹೆಸರು ಹೇಳುತ್ತದೆ. ರಾಷ್ಟ್ರಪ್ರಶಸ್ತಿಗಳ ಲೆಕ್ಕ ಬಲ್ಲವರು ಗಿರೀಶ ಕಾಸರವಳ್ಳಿ ಎನ್ನುತ್ತಾರೆ. ಬೇಸಾಯದ ಮನೆಗಳಲ್ಲಿ ಸಿದ್ದಲಿಂಗಯ್ಯನವರ ‘ಬಂಗಾರದ ಮನುಷ್ಯ’ನಿಗೆ ಸಾಟಿಯಿಲ್ಲ. ಆಟೊ ಚಾಲಕರನ್ನು ಕೇಳಿದರೆ ಶಂಕರನಾಗ್ ಬಿಟ್ಟು ಇನ್ನೊಂದು ಹೆಸರು ಹೊರಡದು. ನನ್ನದೂ ಒಂದು ಪಟ್ಟಿಯಿದೆ. ಆದರೆ ಆ ಪಟ್ಟಿಯನ್ನು ಓದುಗರ ಮುಂದಿಡುವಾಗ ಒಂದು ಸಂಕೋಚ ಕಾಡುತ್ತದೆ. ನಾನು ಹೊಗಳುವ ಚಿತ್ರವನ್ನು ನೋಡಬೇಕೆಂದು ನಮ್ಮೂರಿನ ಹುಡುಗಿಯೊಬ್ಬಳು ಬಯಸಿದರೆ, ಅದನ್ನು ಅವಳು ಎಲ್ಲಿ ನೋಡಬೇಕು?

ನಮ್ಮೂರು ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ. ಶನಿಮಹಾತ್ಮ ಸ್ವಾಮಿಯ ದರ್ಶನಕ್ಕೆಂದು ಶನಿವಾರಗಳಲ್ಲಿ, ಅದರಲ್ಲೂ ಶ್ರಾವಣದಲ್ಲಿ, ಬೆಂಗಳೂರೇ ಇತ್ತ ಹರಿದುಬರುತ್ತದೆ. ಸಿನಿಮಾ ಬೇಕೆಂದರೆ ಮಾತ್ರ ನಾವೇ ಅತ್ತ ಹೋಗಬೇಕು. ಹೀಗೆ ಹೋಗಿ ಬರುವ ಪ್ರೇಕ್ಷಕ ನಗರದವನಂತೆ ವಾರಕ್ಕೆರಡು ಚಿತ್ರ ನೋಡಲಾರ. ನೋಡಿದ್ದನ್ನು ಮಾತ್ರ ಬಹುಕಾಲ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾನೆ. ಹೊಲದ ಬದುವಿನಲ್ಲಿ, ಬಸ್ಸಿನಲ್ಲಿ, ಕಚೇರಿಯ ಸರದಿಯಲ್ಲಿ ಅದನ್ನು ತನ್ನ ಬಾಳಿಗೆ ಒರೆಹಚ್ಚಿ ನೋಡುತ್ತಾನೆ. ನನ್ನ ಪಟ್ಟಿ ಸಿದ್ಧವಾದುದೂ ಹೀಗೆಯೇ.

ಮೊದಲಿಗೆ ಪುಟ್ಟಣ್ಣ. ‘ಬೆಳ್ಳಿಮೋಡ’ (1967), ‘ಗೆಜ್ಜೆಪೂಜೆ’ (1969), ‘ನಾಗರಹಾವು’ (1972), ‘ರಂಗನಾಯಕಿ’ (1981), ಹೀಗೆ ಯಾವುದನ್ನು ಆರಿಸಿದರೂ ಒಪ್ಪುವವರಿದ್ದಾರೆ. ನನ್ನ ಆಯ್ಕೆ 1971ರ ‘ಶರಪಂಜರ’. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದ ಕಾವೇರಿ, ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಮರಳುತ್ತಾಳೆ. ಆಸ್ಪತ್ರೆ ವಾಸಿಮಾಡಿದ ಕಾಯಿಲೆಯನ್ನು ಮನೆಯೇ ಮತ್ತೆ ಬರಿಸುತ್ತದೆ. ಕಲ್ಪನಾ ಅವರ ಅಭಿನಯದ ಬಗ್ಗೆ ಸಾಕಷ್ಟು ಬರೆದಾಗಿದೆ. ಆದರೆ ಪುಟ್ಟಣ್ಣನವರ ಹಿರಿಮೆ ಇರುವುದು ಆ ಸುತ್ತಲಿನ ಮಂದಿಯನ್ನು ಚಿತ್ರಿಸಿದ ಬಗೆಯಲ್ಲಿ. ಪಿಸುಮಾತಾಡುವ ನೆರೆಯವರು, ನಂಬಿಕೆ ಕಳೆದುಕೊಂಡ ಗಂಡ, ಅಳುಕುವ ಮನೆಗೆಲಸದವರು. ಇವರಲ್ಲಿ ಹೆಚ್ಚಿನವರು ದುಷ್ಟರೇನಲ್ಲ, ನಮ್ಮಂಥವರೇ. ನಿಮ್ಹಾನ್ಸ್‌ಗೆ ಹೋಗಿ ಬಂದವರನ್ನು ಊರು ಇಂದಿಗೂ ನೋಡುವ ನೋಟವನ್ನು ಬಲ್ಲವರಿಗೆ ಈ ಚಿತ್ರ ಹಳೆಯದೆನಿಸದು.

ಎರಡನೆಯವರು ಸಿದ್ದಲಿಂಗಯ್ಯ. ‘ಬಂಗಾರದ ಮನುಷ್ಯ’ (1972) ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು; ಅದನ್ನು ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಮರಳಿದವರ ಕಥೆಗಳು ನಾಡಿನಾದ್ಯಂತ ಇವೆ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಬಡಾವಣೆಯ ಕಲ್ಲುಗಳು ಏಳುತ್ತಿರುವ ನಮ್ಮ ಸೀಮೆಯಲ್ಲಿ ನಿಂತು ನೋಡಿದರೆ, ಬಂಡೆ ಒಡೆದು ಹೊಲ ಮಾಡಿದ ರಾಜೀವ ಬೇರೊಂದು ಯುಗದವನಂತೆ ಕಾಣುತ್ತಾನೆ. ಆದರೂ ಅವರ ಶ್ರೇಷ್ಠ ಚಿತ್ರವೆಂದು ನಾನು ಹೇಳುವುದು 1974ರ ‘ಭೂತಯ್ಯನ ಮಗ ಅಯ್ಯು’ವನ್ನು. ಗೊರೂರರ ಕಥೆಯಿಂದ ಹುಟ್ಟಿದ ಈ ಚಿತ್ರದಲ್ಲಿ ಹಗೆತನ ಕೋರ್ಟಿನ ಮೆಟ್ಟಿಲು ಹತ್ತಿ ಮನೆಗಳನ್ನು ಬರಿದು ಮಾಡುವ ಪರಿ ಇದೆಯಲ್ಲ, ಅದನ್ನು ಹಳ್ಳಿಯಲ್ಲಿ ಹುಟ್ಟಿದವರಿಗೆ ವಿವರಿಸಬೇಕಿಲ್ಲ. ಕೊನೆಗೆ ಊರಿಗೆ ಊರೇ ನೀರಿಗೆ ಸಿಕ್ಕಾಗ, ಕಾಗದಪತ್ರ ಬಗೆಹರಿಸಲಾರದ್ದನ್ನು ಒಬ್ಬ ಮನುಷ್ಯ ಇನ್ನೊಬ್ಬನಿಗೆ ಚಾಚಿದ ಕೈ ಬಗೆಹರಿಸುತ್ತದೆ.

ಮೂರನೆಯವರು ಕಾಸರವಳ್ಳಿ. ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ಈ ನಾಲ್ಕು ಚಿತ್ರಗಳಿಗೆ ಸ್ವರ್ಣಕಮಲ ಪಡೆದವರು. ಪಂಡಿತರು ಮೊದಲನೆಯದನ್ನು ಮೇಲೆಂದಾರು. ನನಗೆ ‘ತಬರನ ಕಥೆ’ಯೇ ಮೇಲು. ಪೂರ್ಣಚಂದ್ರ ತೇಜಸ್ವಿಯವರ ಕಥೆಯ ಈ ಬಡ ನೌಕರ ತನ್ನದೇ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಅತ್ತ ಹೆಂಡತಿಯ ಕಾಲು ಕೊಳೆಯುತ್ತಿರುತ್ತದೆ. ಹಣ ಬರುತ್ತದೆ, ಅವಳು ಇಲ್ಲವಾದ ಮೇಲೆ. ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ತಂದ ಈ ಪಾತ್ರದ ಎದುರು ಖಳನಾಯಕನೇ ಇಲ್ಲ. ಪ್ರತಿಯೊಬ್ಬ ಗುಮಾಸ್ತನೂ ತನ್ನ ನಿಯಮಕ್ಕೆ ನಿಷ್ಠನಾಗಿದ್ದಾನೆ. ಭಯ ಹುಟ್ಟಿಸುವುದು ಅದೇ. ನಾಡಕಚೇರಿಯ ಮುಂದೆ ಪಹಣಿ, ಪಿಂಚಣಿಗಾಗಿ ಕಾದು ನಿಂತ ಮುದುಕರನ್ನು ಕಂಡಾಗಲೆಲ್ಲ ನನಗೆ ತಬರ ನೆನಪಾಗುತ್ತಾನೆ.

ಕೊನೆಯ ಹೆಸರು ಎನ್. ಲಕ್ಷ್ಮೀನಾರಾಯಣ್. ಕಿರಿಯ ಓದುಗರಿಗೆ ಈ ಹೆಸರು ಅಪರಿಚಿತವಿರಬಹುದು. ಕನ್ನಡದ ಹೊಸ ಅಲೆಗೆ 1970ರ ‘ಸಂಸ್ಕಾರ’ದಿಂದ ನಾಂದಿ ಎನ್ನುವುದು ವಾಡಿಕೆ. ಅದಕ್ಕೂ ಆರು ವರ್ಷ ಮೊದಲೇ, 1964ರಲ್ಲಿ, ಲಕ್ಷ್ಮೀನಾರಾಯಣ್ ‘ನಾಂದಿ’ ಎಂಬ ಹೆಸರಿನ ಚಿತ್ರವನ್ನೇ ಮಾಡಿದ್ದರು. ಪೌರಾಣಿಕ, ಐತಿಹಾಸಿಕ ಪಾತ್ರಗಳಲ್ಲಿ ಮಿಂಚುತ್ತಿದ್ದ ರಾಜಕುಮಾರ್ ಅವರನ್ನು ಅದರಲ್ಲಿ ಸಾಮಾನ್ಯ ಶಾಲಾ ಮಾಸ್ತರನನ್ನಾಗಿ ನಿಲ್ಲಿಸಿದರು. ಕಿವಿ ಕೇಳದ, ಮಾತು ಬಾರದ ಹೆಣ್ಣಾಗಿ ಹರಿಣಿ ನಟಿಸಿದರು. ಅಂಗವೈಕಲ್ಯವನ್ನು ಕಣ್ಣೀರಿನ ಸರಕಾಗಿಸದೆ, ಜತೆಯಾಗಿ ಬಾಳುವ ಕಷ್ಟವನ್ನಾಗಿ ಕಂಡ ಚಿತ್ರ ಅದು. ಮುಂದೆ ಚದುರಂಗರ ‘ಉಯ್ಯಾಲೆ’ (1969), ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ (1973) ಅವರ ಕೈಯಲ್ಲಿ ಚಿತ್ರಗಳಾದವು. ಅಬ್ಬರವಿಲ್ಲದ ಈ ನಿರ್ದೇಶಕನ ಶ್ರೇಷ್ಠ ಕೃತಿ ‘ನಾಂದಿ’ಯೇ ಎಂಬುದು ನನ್ನ ಎಣಿಕೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಈ ಪಟ್ಟಿಯ ಚಿತ್ರಗಳಿಗೆ ಮರುಹುಟ್ಟು ದೊರೆಯುವ ದಾರಿ ಯಾವುದು?

ಒಂದು ದಾರಿ ಮಾರುಕಟ್ಟೆಯದು. 2018ರಲ್ಲಿ ‘ನಾಗರಹಾವು’ ಸಿನಿಮಾಸ್ಕೋಪ್ ಚೌಕಟ್ಟು ಮತ್ತು ಹೊಸ ಧ್ವನಿಯೊಡನೆ ಮತ್ತೆ ಚಿತ್ರಮಂದಿರಗಳಿಗೆ ಬಂತು. ನಿರ್ಮಾಪಕ ಎನ್. ವೀರಾಸ್ವಾಮಿಯವರ ಮಕ್ಕಳು ಮನಸ್ಸು ಮಾಡಿದರು, ವಿಷ್ಣುವರ್ಧನ್ ಹೆಸರಿಗೆ ಜನ ಬಂದರು. ಇನ್ನೊಂದು ದಾರಿ ಹೊರಗಿನವರ ಔದಾರ್ಯದ್ದು. 1977ರ ‘ಘಟಶ್ರಾದ್ಧ’ವನ್ನು ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಸ್ಥಾಪಿಸಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್‌ನೊಡಗೂಡಿ ಜೀರ್ಣೋದ್ಧಾರ ಮಾಡಿತು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದರ ಪ್ರದರ್ಶನವಾಯಿತು. ಹೆಮ್ಮೆಪಡಬೇಕಾದ್ದೇ. ಆದರೆ ಮಲೆನಾಡಿನ ಅಗ್ರಹಾರದ ಕಥೆ ಇಟಲಿಯ ಪರದೆಯ ಮೇಲೆ ಹೊಳೆಯುತ್ತಿರುವಾಗ, ಅದೇ ನಿರ್ದೇಶಕನ ತಬರ ಮಧುರೆಯವರೆಗೆ ಬರಲು ದಾರಿಯಿಲ್ಲ ಎಂಬುದನ್ನು ಏನೆನ್ನೋಣ?

ತಾರೆಯ ಬಲವೂ ಇಲ್ಲದ, ವಿದೇಶದ ಕಣ್ಣಿಗೂ ಬೀಳದ ಚಿತ್ರಕ್ಕೆ ಮೂರನೆಯ ದಾರಿಯೊಂದು ಬೇಕು. ಅದು ಸರ್ಕಾರದ್ದೇ ಆಗಬೇಕು. ಯೂಟ್ಯೂಬಿನಲ್ಲಿ ಎಲ್ಲವೂ ಸಿಗುವುದಲ್ಲ ಎಂದು ಕೆಲವರು ಹೇಳುತ್ತಾರೆ. ಅಲ್ಲಿ ಸಿಗುವ ಹಳೆಯ ಕಪ್ಪುಬಿಳುಪು ಚಿತ್ರಗಳನ್ನು ನೋಡಿದವರಿಗೆ ಗೊತ್ತು: ಮುಖಗಳು ಸುಣ್ಣ ಬಳಿದಂತೆ, ನೆರಳೆಲ್ಲ ಮಸಿಯಂತೆ, ಮಾತು ಬಾವಿಯೊಳಗಿಂದ ಬಂದಂತೆ. ಮಾಸಿದ ಛಾಯಾಪ್ರತಿಯನ್ನು ಕೊಟ್ಟು ಇದೇ ಪುಸ್ತಕ ಎಂದಂತೆ ಅದು.

ಕಳೆದುಕೊಳ್ಳುವುದೆಂದರೇನೆಂದು ಕನ್ನಡ ಚಿತ್ರರಂಗ ಬಲ್ಲದು. 1934ರ ಮಾರ್ಚ್ 3ರಂದು ಬಿಡುಗಡೆಯಾದ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿಯೇ ಉಳಿದಿಲ್ಲ. ಆಮೇಲಿನ ಎಷ್ಟೋ ಚಿತ್ರಗಳ ನೆಗೆಟಿವ್‌ಗಳು ಮದರಾಸಿನ ಲ್ಯಾಬ್‌ಗಳಲ್ಲಿದ್ದವು. ಡಿಜಿಟಲ್ ಬಂದು ಲ್ಯಾಬ್‌ಗಳು ಮುಚ್ಚಿದವು. ಸೆಲ್ಯುಲಾಯ್ಡ್ ಸುರುಳಿಗೆ ತಂಪು ಬೇಕು, ಒಣಹವೆ ಬೇಕು. ಇಲ್ಲದಿದ್ದರೆ ಅದು ವಿನೆಗರ್‌ನಂತೆ ಹುಳಿವಾಸನೆ ಬೀರುತ್ತ ಸುಕ್ಕುಗಟ್ಟಿ ಸಾಯುತ್ತದೆ. ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ, ನಿಜ. ಆದರೆ ದೇಶದ ಎಲ್ಲ ಭಾಷೆಗಳ ಭಾರ ಹೊತ್ತ ಅದು, ಕನ್ನಡದ ಚಿಂತೆಯನ್ನು ಕನ್ನಡಿಗರಿಗಿಂತ ಹೆಚ್ಚು ಮಾಡಬೇಕೆಂದು ಬಯಸುವುದು ನ್ಯಾಯವೇ?

2025-26ರ ರಾಜ್ಯ ಬಜೆಟ್‌ನಲ್ಲಿ ಕನ್ನಡ ಚಿತ್ರಗಳ ಭಂಡಾರವೊಂದಕ್ಕೆ 3 ಕೋಟಿ ರೂಪಾಯಿ ಘೋಷಣೆಯಾಯಿತು. ಅದೇ ಬಜೆಟ್‌ನಲ್ಲಿ ಮೈಸೂರಿನ ಚಿತ್ರನಗರಿಗೆ, ಖಾಸಗಿ ಸಹಭಾಗಿತ್ವದಲ್ಲಿ, 500 ಕೋಟಿಯ ಯೋಜನೆ ಪ್ರಕಟವಾಯಿತು. ಚಿತ್ರನಗರಿ ಬೇಡವೆಂದು ಯಾರೂ ಹೇಳರು. ಆದರೆ ಮುಂದೆ ಕಟ್ಟುವುದಕ್ಕೆ 500, ಹಿಂದೆ ಕಟ್ಟಿದ್ದನ್ನು ಉಳಿಸುವುದಕ್ಕೆ 3 ಎಂಬ ಲೆಕ್ಕ ಯಾವ ರೈತನಿಗೂ ಒಪ್ಪಿಗೆಯಾಗದು. ಬಿತ್ತನೆ ಬೀಜವನ್ನು ಕಾಪಿಡದೆ ಹೊಸ ಹೊಲ ಕೊಳ್ಳುವವನನ್ನು ನಮ್ಮಲ್ಲಿ ಜಾಣ ಎನ್ನುವುದಿಲ್ಲ. ಪುಟ್ಟಣ್ಣನವರ ಹೆಸರಿನಲ್ಲಿ ಸರ್ಕಾರ ನಿರ್ದೇಶಕರಿಗೆ ಪ್ರಶಸ್ತಿ ಇಟ್ಟಿದೆ. ಅವರ ಚಿತ್ರಗಳ ಶುದ್ಧ ಪ್ರತಿಯನ್ನು ನಾಡಿಗೆ ಒದಗಿಸುವುದು ಅದಕ್ಕಿಂತ ದೊಡ್ಡ ಗೌರವವಲ್ಲವೇ?

ಉಳಿಸಿದರೆ ಸಾಲದು, ತೋರಿಸಬೇಕು. ಹಳ್ಳಿಯವರಿಗೆ ಇಂಥ ಚಿತ್ರಗಳು ಹಿಡಿಸುವುದಿಲ್ಲ ಎಂಬ ಮಾತಿಗೆ ಕೆ.ವಿ. ಸುಬ್ಬಣ್ಣನವರು ಬಹಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. 1973ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಆರಂಭವಾಯಿತು; ಅಡಿಕೆ ಸುಲಿಯುವ ಕೈಗಳು ಕುರೊಸಾವಾ, ಸತ್ಯಜಿತ್ ರಾಯ್ ಅವರ ಚಿತ್ರಗಳನ್ನು ನೋಡಿ ಚರ್ಚಿಸಿದವು. 1980ರ ದಶಕದಲ್ಲಿ ದೂರದರ್ಶನ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಚಿತ್ರಗಳನ್ನು ತೋರಿಸುತ್ತಿದ್ದಾಗ, ಊರಿಗೊಂದೋ ಎರಡೋ ಇದ್ದ ಟೀವಿಗಳ ಮುಂದೆ ಕುಳಿತವರೂ ಇದೇ ಜನ.

ನಮ್ಮಲ್ಲಂತೂ ಅನುಕೂಲ ಕಣ್ಣೆದುರಿಗಿದೆ. ಮಧುರೆಗೆ ದೂರವೇನಲ್ಲದ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟಿ.ವಿ. ಸಂಸ್ಥೆಯಿದೆ. ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1943ರಷ್ಟು ಹಿಂದೆ ಮೊದಲಾದ ಸಿನಿಮಾ ಶಿಕ್ಷಣದ ಮುಂದುವರಿಕೆ ಅದು. ಗುರುದತ್ತರ ಛಾಯಾಗ್ರಾಹಕ ವಿ.ಕೆ. ಮೂರ್ತಿ, ನಿರ್ದೇಶಕ ಗೋವಿಂದ ನಿಹಲಾನಿ ಆ ಪರಂಪರೆಯವರು. ಅಲ್ಲಿನ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಒಂದು ಪ್ರೊಜೆಕ್ಟರು, ಒಂದು ಒಳ್ಳೆಯ ಪ್ರತಿ ಹಿಡಿದು ಸುತ್ತಲಿನ ಊರುಗಳಿಗೆ ಬರಲಿ. ಚಲನಚಿತ್ರ ಅಕಾಡೆಮಿ ಹಕ್ಕುದಾರರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಲಿ. ಜಾಗಕ್ಕೆ ಶಾಲೆಯ ಸಭಾಂಗಣ ಸಾಕು. ಚಿತ್ರ ಮುಗಿದ ಮೇಲೆ ಅರ್ಧ ತಾಸು ಮಾತಾಡಲಿ. ಕಲಿಯುವವರಿಗೆ ಪ್ರೇಕ್ಷಕರು, ಪ್ರೇಕ್ಷಕರಿಗೆ ಕಲಿಕೆ ಎರಡೂ ದೊರೆತಾವು.

ಅಂದು ಮೊದಲಿಗೆ ‘ತಬರನ ಕಥೆ’ಯನ್ನೇ ಹಾಕಿ ಎಂದು ನಾನು ಕೇಳಿಕೊಳ್ಳುತ್ತೇನೆ. ಪಿಂಚಣಿಗೆ ಅರ್ಜಿ ಹಾಕಿ ಕಾದಿರುವವರು ಮುಂದಿನ ಸಾಲಿನಲ್ಲಿ ಕೂರಲಿ, ಆ ಅರ್ಜಿ ವಿಲೇವಾರಿ ಮಾಡಬೇಕಾದವರು ಅವರ ಪಕ್ಕದಲ್ಲೇ ಕೂರಲಿ. ಕನ್ನಡದ ಶ್ರೇಷ್ಠ ನಿರ್ದೇಶಕ ಯಾರೆಂಬ ಚರ್ಚೆಯನ್ನು ದೀಪ ಹತ್ತಿದ ಮೇಲೆ ಮುಂದುವರಿಸೋಣ.