ಟೊಂಕ ಹಿಡಿಸುವ ಕಂಪನಕ್ಕೊಂದು ಲೆಕ್ಕ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತೆಂದರೆ ಗಂಗಾವತಿ ಸೀಮೆಯ ಟ್ರ್ಯಾಕ್ಟರ್‌ಗಳಿಗೆ ಬಿಡುವೇ ಇಲ್ಲ. ನಾಟಿಗೆ ಮುಂಚೆ ಗದ್ದೆ ಕೆಸರಾಗಬೇಕು. ನಸುಕಿನಲ್ಲಿ ಸೀಟು ಹತ್ತಿದ ಚಾಲಕ ರಾತ್ರಿ ದೀಪ ಹಾಕಿಕೊಂಡು ಕೆಲಸ ಮುಗಿಸಿ ಇಳಿಯುತ್ತಾನೆ. ಕುಷ್ಟಗಿಯ ಗ್ರಾನೈಟ್ ಕ್ವಾರಿಯಲ್ಲಿ ಹಿಟಾಚಿ ನಡೆಸುವವರು, ಕೊಪ್ಪಳದ ಗಿಣಿಗೇರಾ ಸುತ್ತಲಿನ ಕಾರ್ಖಾನೆಗಳಿಗೆ ಅದಿರು ಸಾಗಿಸುವ ಟಿಪ್ಪರ್ ಚಾಲಕರು, ಯಲಬುರ್ಗಾದ ಎರೆ ಹೊಲದಲ್ಲಿ ರೋಟರ್ ಹೊಡೆಯುವವರು, ಎಲ್ಲರ ಬಾಯಲ್ಲೂ ಸಂಜೆ ಒಂದೇ ಮಾತು: ‘ಟೊಂಕ ಹಿಡದೈತಿ.’

ಬಗ್ಗಿ ಕೂರುವುದು, ಭಾರ ಎತ್ತುವುದು, ವಯಸ್ಸು, ಹೀಗೆ ಬೆನ್ನುನೋವಿಗೆ ಕಾರಣ ಹಲವು. ಅಳೆದು ಅಂಕಿಯಲ್ಲಿ ಹೇಳಬಹುದಾದ ಇನ್ನೊಂದು ಕಾರಣವೂ ಇದೆ. ಅದು ಸೀಟಿನಿಂದ ಮೈಗೆ ಹತ್ತುವ ಕಂಪನ, ಅಂದರೆ ಪೂರ್ಣದೇಹ ಕಂಪನ.

ಜೋಕಾಲಿಯನ್ನು ಅದರ ತೂಗಾಟದ ಲಯಕ್ಕೇ ನೂಕಿದರೆ ಸಣ್ಣ ನೂಕಿಗೂ ಅದು ಎತ್ತರಕ್ಕೇರುತ್ತದೆ. ಕೂತ ಮನುಷ್ಯನ ಮೈಗೂ ಅಂಥದೊಂದು ಲಯವುಂಟು. ಮೇಲೆ ಕೆಳಗೆ ಕುಲುಕಿದಾಗ ಸೆಕೆಂಡಿಗೆ 4ರಿಂದ 8 ಸಲದ ಕಂಪನಕ್ಕೆ ಮುಂಡ ಎಲ್ಲಕ್ಕಿಂತ ಹೆಚ್ಚು ಸ್ಪಂದಿಸುತ್ತದೆ. ಸೀಟಿನಲ್ಲಿ ಸಣ್ಣದಾಗಿದ್ದ ಕಂಪನ ಬೆನ್ನುಮೂಳೆಯಲ್ಲಿ ದೊಡ್ಡದಾಗುತ್ತದೆ. ಸಾಮಾನ್ಯ ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗೆ ಸ್ಪ್ರಿಂಗ್ ಇರುವುದಿಲ್ಲ, ಟೈರಿನ ಗಾಳಿಯೇ ಅದರ ಸ್ಪ್ರಿಂಗ್. ಹಾಗೆ ಟೈರಿನ ಮೇಲೆ ಪುಟಿಯುವ ಟ್ರ್ಯಾಕ್ಟರಿನ ಲಯ ಮೈಯ ಲಯದ ಹತ್ತಿರಕ್ಕೇ ಬರುತ್ತದೆ. ಬರೀ ಫೋಮಿನ ಸೀಟು ಸೆಕೆಂಡಿಗೆ 4 ಸಲದ ಆಸುಪಾಸಿನಲ್ಲಿ ಕಂಪನವನ್ನು ತಡೆಯುವ ಬದಲು ಇನ್ನಷ್ಟು ಹಿಗ್ಗಿಸುತ್ತದೆ. ಮೆತ್ತಗಿದ್ದರೆ ಸಾಕು ಎಂಬ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ.

ಅಳೆಯುವ ವಿಧಾನವನ್ನು ಐಎಸ್‌ಒ 2631-1 ಎಂಬ ಮಾನದಂಡ 1997ರಲ್ಲಿ ಗೊತ್ತುಮಾಡಿದೆ. ರಬ್ಬರಿನ ಚಪ್ಪಟೆ ಬಿಲ್ಲೆಯೊಳಗೆ ವೇಗೋತ್ಕರ್ಷ ಅಳೆಯುವ ಸಂವೇದಕವಿರುತ್ತದೆ. ಚಾಲಕ ಅದರ ಮೇಲೆಯೇ ಕೂತು ಎಂದಿನಂತೆ ಕೆಲಸ ಮಾಡುತ್ತಾನೆ. ಹಿಂದೆ-ಮುಂದೆ, ಎಡ-ಬಲ, ಮೇಲೆ-ಕೆಳಗೆ, ಮೂರೂ ದಿಕ್ಕಿನ ಅಲುಗಾಟ ದಾಖಲಾಗುತ್ತದೆ. ಮೈಗೆ ಹೆಚ್ಚು ತಾಗುವ ಲಯಗಳಿಗೆ ಹೆಚ್ಚು ತೂಕ ಕೊಟ್ಟು, ಅಡ್ಡದ ಎರಡು ದಿಕ್ಕುಗಳನ್ನು 1.4ರಿಂದ ಗುಣಿಸಿ, ಮೂರರಲ್ಲಿ ದೊಡ್ಡದನ್ನು ಹಿಡಿಯುತ್ತಾರೆ. ಒಂದು ಚಕ್ರ ಸಾಲಿನೊಳಗೆ, ಇನ್ನೊಂದು ಮೇಲೆ ಇಟ್ಟುಕೊಂಡು ಉಳುವಾಗ ಎಡ-ಬಲದ ತೂರಾಟವೇ ಮೇಲುಗೈಯಾಗುವುದುಂಟು.

ಕಂಪನದ ತೀವ್ರತೆ ಎಷ್ಟು ಮುಖ್ಯವೋ ಅದರ ಮೇಲೆ ಕೂತ ಹೊತ್ತೂ ಅಷ್ಟೇ ಮುಖ್ಯ. ತೀವ್ರತೆಯ ವರ್ಗವನ್ನು ಗಂಟೆಗಳಿಂದ ಗುಣಿಸಿ, ದಿನದ ಎಲ್ಲ ಕೆಲಸಗಳದ್ದೂ ಕೂಡಿ, 8ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಆ ದಿನದ ಲೆಕ್ಕ ಸಿಗುತ್ತದೆ. ಯುರೋಪಿನ 2002ರ ನಿರ್ದೇಶನದಂತೆ ಇದು 0.5 ಮೀಟರ್/ಸೆಕೆಂಡ್² ದಾಟಿದರೆ ಮಾಲೀಕ ಕ್ರಮ ಕೈಗೊಳ್ಳಬೇಕು. 1.15ನ್ನಂತೂ ಯಾವ ದಿನವೂ ದಾಟುವಂತಿಲ್ಲ.

ಲೆಕ್ಕ ತೋರಿಸಲಿಕ್ಕೆ ಅಂಕಿಗಳನ್ನು ಊಹಿಸಿಕೊಳ್ಳೋಣ. ಗದ್ದೆಯಲ್ಲಿ ತೀವ್ರತೆ 0.6, ಅಲ್ಲಿ 7 ಗಂಟೆ. ಟ್ರ್ಯಾಲಿ ಕಟ್ಟಿಕೊಂಡು ಕೆಟ್ಟ ರಸ್ತೆಯಲ್ಲಿ 0.9, ಅಲ್ಲಿ 3 ಗಂಟೆ. ಗದ್ದೆಯ ಪಾಲು 2.52, ರಸ್ತೆಯ ಪಾಲು 2.43. ಮೂರು ಗಂಟೆಯ ರಸ್ತೆ ಹೆಚ್ಚುಕಡಿಮೆ ಏಳು ಗಂಟೆಯ ಗದ್ದೆಗೆ ಸಮವಾಯಿತು! ದಿನದ ಮೊತ್ತ 0.79. ಅದೇ ರಸ್ತೆಯಲ್ಲಿ ವೇಗ ತಗ್ಗಿಸಿದ್ದರಿಂದ ತೀವ್ರತೆ 0.6ಕ್ಕೆ ಇಳಿದು, ದಾರಿಗೆ ಒಂದು ಗಂಟೆ ಹೆಚ್ಚು ಹಿಡಿಯಿತೆನ್ನಿ. ಸೀಟಿನಲ್ಲಿ ಇನ್ನೊಂದು ಗಂಟೆ ಕೂತರೂ ಮೊತ್ತ 0.70ಕ್ಕೆ ಇಳಿಯುತ್ತದೆ. ನಿಧಾನ ಹೋದರೆ ಹೊತ್ತು ದಂಡ ಎನ್ನುವವರಿಗೆ ಈ ಲೆಕ್ಕವನ್ನು ತೋರಿಸಬೇಕು.

ತೊಡಕಿರುವುದು ಹೊತ್ತಿನ ಅಂದಾಜಿನಲ್ಲಿ. ಟಿಪ್ಪರ್ ಚಾಲಕ ‘ಹನ್ನೆರಡು ತಾಸು ಗಾಡಿಯಾಗ ಇದ್ದೆ’ ಎಂದಾಗ ಅದರಲ್ಲಿ ಲೋಡಿಗೆ ಕಾದದ್ದೂ ತೂಕದ ಕಾಟಾದ ಸಾಲಿನಲ್ಲಿ ನಿಂತದ್ದೂ ಸೇರಿರುತ್ತದೆ. ಕೇಳಿ ಬರೆದುಕೊಂಡ ಹೊತ್ತಿಗಿಂತ ನೋಡಿ ಬರೆದುಕೊಂಡ ಹೊತ್ತು ಸಾಮಾನ್ಯವಾಗಿ ಕಡಿಮೆ. ಹಂಗಾಮಿನ ಟ್ರ್ಯಾಕ್ಟರ್ ಚಾಲಕನ ಕಥೆ ಬೇರೆ. ಅವನ ಸೀಟಿನ ಹೊತ್ತು ನಿಜಕ್ಕೂ ಉದ್ದ. ಅವನ ವರ್ಷವನ್ನು ಸರಾಸರಿಗೆ ಹಾಕಿದರೆ ಆ ಕೆಲವು ವಾರಗಳ ಹೊಡೆತ ಮರೆಯಾಗುತ್ತದೆ. ಹಾಗಾಗಿ ದಿನದಿನದ ಲೆಕ್ಕವನ್ನೇ ಹಿಡಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಉಪಕರಣ ದುಬಾರಿ ಎಂಬ ನೆಪವೂ ಸಡಿಲವಾಗಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಐಪಾಡ್ ಟಚ್‌ನೊಳಗಿನ ಸಂವೇದಕದಿಂದಲೇ ಕಲ್ಲಿದ್ದಲು ಗಣಿಯ ವಾಹನಗಳ ಕಂಪನ ಅಳೆದು ತೋರಿಸಿದ್ದಾರೆ. ಮೊದಲ ಸುತ್ತಿನ ತಪಾಸಣೆಗೆ ಅಷ್ಟು ಸಾಕು.

ನಮ್ಮಲ್ಲಿ 2007ರ ಗಣಿ ಸುರಕ್ಷತಾ ಸಮ್ಮೇಳನ, ಯಂತ್ರಗಳನ್ನು ಗಣಿಗೆ ಇಳಿಸುವ ಮೊದಲು ಅವುಗಳ ಕಂಪನ ಪರೀಕ್ಷೆ ಆಗಬೇಕೆಂದು ಶಿಫಾರಸು ಮಾಡಿತು. ಆ ಮಾತು ಗಣಿಗಳಿಗೆ ಹೇಳಿದ್ದು, ಗಂಗಾವತಿಯ ಗದ್ದೆಗಲ್ಲ. ಆದರೆ ಲೆಕ್ಕದ ಅರ್ಧ ಸಾಮಗ್ರಿ ಹಳ್ಳಿಯಲ್ಲಾಗಲೇ ಇದೆ. ಟ್ರ್ಯಾಕ್ಟರಿನಲ್ಲಿ ತಾಸಿನ ಮೀಟರಿದೆ. ಹೋಬಳಿಗಳ ಕೃಷಿ ಯಂತ್ರಧಾರೆ ಕೇಂದ್ರಗಳು ಬಾಡಿಗೆಗೆಂದು ಗಂಟೆ ಬರೆದುಕೊಳ್ಳುತ್ತವೆ. ಅದೇ ಪುಸ್ತಕದಲ್ಲಿ ಇನ್ನೆರಡು ಕಾಲಂ ಗೆರೆ ಹಾಕಿ, ಸೀಟಿನಲ್ಲಿ ಕೂತವರ ಹೆಸರನ್ನೂ ಗದ್ದೆ, ರಸ್ತೆ ಎಂದು ಅವರ ತಾಸುಗಳನ್ನೂ ಬೇರೆಬೇರೆ ಬರೆದರೆ, ಅಳೆಯುವವರು ಬಂದ ದಿನ ಗುಣಿಸುವುದಷ್ಟೇ ಬಾಕಿ ಉಳಿಯುತ್ತದೆ.